ಹುಲೆಪ್ಪ ಕೊರೆದ ಕೋಳಿಕಾಲು

ಹುಲೆಪ್ಪನಿಗೆ ಓದು ಬರಹ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಎಂಟು ಸಾವಿರ ವರ್ಷ ಹಳೆಯ ಲಿಪಿಯನ್ನು ಬಲ್ಲ ಒಬ್ಬನೇ ಒಬ್ಬ ಮನುಷ್ಯ ಎಂದು ಈಗ ಜಮಖಂಡಿ, ಮುಧೋಳದ ಕಡೆಯಿಂದೆಲ್ಲ ಜನ ಗಾಡಿ ಮಾಡಿಕೊಂಡು ಅವನನ್ನು ನೋಡಲು ಬರುತ್ತಾರೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮನುಷ್ಯ ಅವನು. ಬಸ್ಸಿನ ಬೋರ್ಡು ಓದಲಾಗದೆ ಒಮ್ಮೆ ಬಾಗಲಕೋಟೆಗೆ ಹೋಗಬೇಕಾದವನು ಮುಧೋಳಕ್ಕೆ ಹೋಗಿ ಇಳಿದಿದ್ದ.

ನಾನು ಗೂಳಪ್ಪ. ಬೀಳಗಿ ಬಸ್ ಸ್ಟ್ಯಾಂಡಿನ ಎದುರು ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಹುಟ್ಟುಹಬ್ಬದ ಬ್ಯಾನರ್ ಮಾಡಿಕೊಡುವವನು. ಹುಲೆಪ್ಪನ ಓಣಿಯವನೇ. ಈ ಸುಳ್ಳಿನ ಮೊದಲ ಹಾಳೆ ತಯಾರಾದದ್ದು ನನ್ನ ಅಂಗಡಿಯಲ್ಲಿ. ಹಾಗಾಗಿ ಮುಂದೆ ಎಲ್ಲಾದರೂ ನಾನು ಸಿಟ್ಟಿನಿಂದ ಮಾತಾಡಿದರೆ ಅದರಲ್ಲಿ ಅರ್ಧ ನನ್ನ ಮೇಲಿನದು ಎಂದು ತಿಳಿಯಿರಿ.

ಹುಲೆಪ್ಪ ವಡ್ಡರವನು. ಅಪ್ಪ, ಅಜ್ಜ ಎಲ್ಲರೂ ಕಲ್ಲಿನ ಕೆಲಸದವರು. ಮೀಸೆ ಮೂಡುವ ಮೊದಲೇ ಉಳಿ ಹಿಡಿದ. ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಸೇರಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡಾಗ ಅಲ್ಲಿ ಕಲ್ಲು ಒಡೆದ. ಹಿಪ್ಪರಗಿಯಲ್ಲೂ ಎರಡು ಬೇಸಿಗೆ ದುಡಿದ. ಮಾತು ಕಡಿಮೆ. ಸಿಟ್ಟು ಬಂದರೆ ಕೈಯಲ್ಲಿದ್ದ ಕಲ್ಲಿಗೆ ಬೈಯುತ್ತಿದ್ದ, ಎದುರಿಗಿದ್ದ ಮನುಷ್ಯ ಬಚಾವ್. ಅವನ ಖಾಸಾ ಗೆಳೆಯ ಮಕ್ತುಮಸಾಬ ನದಾಫ, ಅರಳೆ ಹಿಂಜಿ ಗಾದಿ ಹೊಲಿಯುವವನು. ಗಾದಿಯ ಕೆಲಸ ಇಲ್ಲದ ದಿನ ಮಕ್ತುಮಸಾಬ ಹುಲೆಪ್ಪನ ಜೊತೆ ಹೋಗಿ ಕಲ್ಲಿಗೆ ಕೈ ಹಚ್ಚುತ್ತಿದ್ದ. ಊರಿನ ಅಲಾಯಿ ದೇವರ ಮಸೂತಿಯನ್ನು ನೋಡಿಕೊಳ್ಳುವುದು ಮಕ್ತುಮಸಾಬನ ಮನೆತನ. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಗೆ ಕಟ್ಟಿಗೆ ತಂದು ಹಾಕುವುದು ಹುಲೆಪ್ಪನ ಮನೆತನ. ಯಾರು ಯಾವಾಗ ಹಾಗೆ ಹಂಚಿಕೊಟ್ಟರೋ, ಯಾರೂ ಕೇಳಿದವರಲ್ಲ.

ತೊಂಬತ್ತೊಂಬತ್ತರಲ್ಲಿ ನಮ್ಮ ಊರು ಮುಳುಗಡೆಗೆ ಬಂತು. ಆಲಮಟ್ಟಿಯ ಹಿನ್ನೀರು ಮೊದಲು ಹೊಳೆದಂಡೆಯ ಹೊಲಗಳಿಗೆ ಬಂತು, ಆಮೇಲೆ ಓಣಿಗಳ ಕಡೆ ಮುಖ ಮಾಡಿತು. ಸರಕಾರ ಗುಡ್ಡದ ಮೇಲೆ ಪುನರ್ವಸತಿ ಕೇಂದ್ರ ಮಾಡಿ, ಸುಣ್ಣದ ಗೆರೆ ಎಳೆದು, ನಮಗೆಲ್ಲ ಪ್ಲಾಟು ತೋರಿಸಿತು. ಮನೆಗಳಿಗೆ ಪರಿಹಾರ ಬಂತು, ದೇವರುಗಳಿಗೂ ಬಂತು. ಆದರೆ ಊರದೇವರು ಸಿದ್ದಪ್ಪನಿಗೆ ಹೊಸ ಇಟ್ಟಂಗಿಯ ಗುಡಿ ಬೇಡ, ಅದೇ ಕಲ್ಲು ಬೇಕು ಎಂದು ಹಿರಿಯರು ಹಟ ಹಿಡಿದರು. ಗುಡಿಯನ್ನು ಬಿಚ್ಚಿ ಗುಡ್ಡದ ಮೇಲೆ ಮತ್ತೆ ಜೋಡಿಸುವ ಕೆಲಸ ಹುಲೆಪ್ಪನಿಗೆ ಬಂತು. ಜೊತೆಗೇ ಅಲಾಯಿ ದೇವರ ಮಸೂತಿಯದೂ ಬಂತು. ಮಸೂತಿಯ ಗೋಡೆ ಮಣ್ಣಿನವು, ಕಟ್ಟೆ ಮೆಟ್ಟಿಲು ಮಾತ್ರ ಕಲ್ಲು.

ಓದಿದವನಾಗಿದ್ದರೆ ಕಲ್ಲಿನ ಮೇಲೆ ಒಂದು, ಎರಡು ಎಂದು ನಂಬರು ಬರೆಯುತ್ತಿದ್ದ. ಹುಲೆಪ್ಪ ತನಗೆ ತಿಳಿದ ಹಾಗೆ ಮಾಡಿದ. ಮೂಡಲ ಗೋಡೆಯ ಕಲ್ಲಿಗೆ ಕೋಳಿಕಾಲು, ಪಡುವಲಿಗೆ ಹಣಿಗೆ, ತೆಂಕಲಿಗೆ ಚೇಳು, ಬಡಗಲಿಗೆ ಬಟ್ಟಲು. ಅದರ ಕೆಳಗೆ ಎಷ್ಟನೇ ಸಾಲು ಎನ್ನುವುದಕ್ಕೆ ಅಷ್ಟು ಗೆರೆ. ಬಣ್ಣ ಹಚ್ಚಿದರೆ ಟ್ರ್ಯಾಕ್ಟರಿನಲ್ಲಿ ತಿಕ್ಕಿ ಹೋಗುತ್ತದೆಂದು ಉಳಿಯಿಂದಲೇ ಕೊರೆದ. ಕಲ್ಲು ಅಲುಗದಂತೆ ಮಕ್ತುಮಸಾಬ ಹಿಡಿದುಕೊಂಡು ಕೂಡುತ್ತಿದ್ದ. ನಾನು ಆಗಿನ್ನೂ ಕಾಲೇಜು ಹುಡುಗ, ಬಿಸಿಲಲ್ಲಿ ಅವರಿಬ್ಬರಿಗೆ ಚಹಾ ಒಯ್ದು ಕೊಟ್ಟಿದ್ದೇನೆ. ಇದೇನು ಕಾಕಾ, ದೇವರ ಕಲ್ಲಿನ ಮೇಲೆ ಕೋಳಿಕಾಲು ಎಂದು ಚೇಷ್ಟೆ ಮಾಡಿದ್ದೂ ನೆನಪಿದೆ.

ತಪ್ಪು ಆದದ್ದು ಆಮೇಲೆ. ಮಸೂತಿಯ ಕಲ್ಲಿಗೂ ಹುಲೆಪ್ಪ ಅವೇ ನಾಲ್ಕು ಗುರುತು ಹಾಕಿದ. ಅವನಿಗೆ ಇದ್ದದ್ದೇ ಆ ನಾಲ್ಕು. ಗುಡಿಯ ಗುಡ್ಡೆ ಬೇರೆ, ಮಸೂತಿಯ ಗುಡ್ಡೆ ಬೇರೆ ಇಳಿಸಿದರಾಯಿತು ಎಂಬುದು ಅವನ ಲೆಕ್ಕ. ಆದರೆ ನೀರು ಊರ ಅಗಸಿ ಬಾಗಿಲ ಹತ್ತಿರ ಬಂದ ದಿನ ಟ್ರ್ಯಾಕ್ಟರಿನವರು ಗಡಿಬಿಡಿಯಲ್ಲಿ ಎಲ್ಲವನ್ನೂ ಒಂದೇ ಕಡೆ ಸುರಿದು ಹೋದರು. ಎರಡು ಕೋಳಿಕಾಲು, ಎರಡು ಚೇಳು, ಯಾವುದು ಯಾರದು? ಹುಲೆಪ್ಪ, ಮಕ್ತುಮಸಾಬ ಇಬ್ಬರೂ ಎಂಟು ದಿನ ಕಣ್ಣಳತೆಯಿಂದ ಆರಿಸಿದರು. ಕಡೆಗೂ ಸಿದ್ದಪ್ಪನ ಹನ್ನೊಂದು ಉದ್ದನೆಯ ಕಲ್ಲು ಮಸೂತಿಯ ಕಟ್ಟೆಗೆ ಹೋದವು, ಮಸೂತಿಯ ಕಲ್ಲು ಸಿದ್ದಪ್ಪನ ಹಿಂಗೋಡೆ ಸೇರಿದವು. ಕಮಲ ಕೆತ್ತಿದ ಒಂದು ಕಲ್ಲು ಮಸೂತಿಯ ಎರಡನೇ ಮೆಟ್ಟಿಲಾಯಿತು. ನೋಡಿಕೊಂಡಾಗ ಸಿಮೆಂಟು ಗಟ್ಟಿಯಾಗಿತ್ತು, ಕಿತ್ತರೆ ಕಲ್ಲು ಒಡೆಯುತ್ತಿತ್ತು.

ಹುಲೆಪ್ಪ ಅಳುಮುಖ ಮಾಡಿಕೊಂಡು ಸಿದ್ದಪ್ಪನ ಪೂಜಾರಿ ಹಾಲಸಿದ್ದಪ್ಪಜ್ಜನ ಮುಂದೆ ಹೋಗಿ ನಿಂತ. ಅಜ್ಜ ಎರಡೂ ಕಟ್ಟಡ ಸುತ್ತಿ ಬಂದು, “ಎಲ್ಲಾ ಒಂದ ಹೊಳಿದಂಡಿ ಕಲ್ಲ ಇರ್ಲಿ ಬಿಡೋ. ನಾಳೆ ಇವನ್ನ ಯಾರೂ ಎಣಿಸಾಕ ಬರೂದಿಲ್ಲ” ಎಂದ. ಊರು ನಕ್ಕು ಸುಮ್ಮನಾಯಿತು. ಗುಡಿಗೆ ಸುಣ್ಣ ಬಳಿದರು, ಗುರುತುಗಳೂ ಸುಣ್ಣದಲ್ಲಿ ಮುಚ್ಚಿಹೋದವು. ಹಾಲಸಿದ್ದಪ್ಪಜ್ಜ ಮುಂದಿನ ಮಳೆಗಾಲ ಕಾಣಲಿಲ್ಲ.

ಹತ್ತು ವರ್ಷ ಹಾಗೇ ಹೋಯಿತು. ಎರಡು ಸಾವಿರದ ಹತ್ತರ ಸುಮಾರಿಗೆ ಗುಡಿಯ ಕಮಿಟಿಯವರು ಎಲ್ಲ ಕಡೆ ಮಾಡುವಂತೆ ತಂತಿ ಬ್ರಶ್ಶಿನಿಂದ ಸುಣ್ಣ ಕೆರೆಸಿ ಕಲ್ಲಿನ ಮೂಲ ಬಣ್ಣ ಹೊರತೆಗೆಸಿದರು. ಕೋಳಿಕಾಲು, ಹಣಿಗೆ, ಚೇಳು ಮತ್ತೆ ಬೆಳಕಿಗೆ ಬಂದವು. ಅದೇ ವರ್ಷ ಅಮೋಲ ಬಂದ.

ಅಮೋಲ ಬನಹಟ್ಟಿಯವನು. ಮನೆಯಲ್ಲಿ ಪವರ್‌ಲೂಮ್ ಇದ್ದವು. ಓದಿಕೊಂಡವನು, ಮೆತ್ತಗೆ ಮಾತಾಡುವವನು, ಕಂಡಕಂಡವರಿಗೆ ಅಣ್ಣ ಅನ್ನುವವನು. ಖಡ್ಗಸಿದ್ಧ ಪಡೆ ಎಂದು ಒಂದು ಗುಂಪು ಕಟ್ಟಿಕೊಂಡಿದ್ದ. ಮೊಬೈಲಿನಲ್ಲಿ ನಮ್ಮ ಗುಡಿಯ ಗೋಡೆಯ ಫೋಟೋ ತೆಗೆದುಕೊಂಡು ನನ್ನ ಅಂಗಡಿಗೆ ಬಂದು, ಹ್ಯಾಂಡ್‌ಬಿಲ್ಲಿಗೆ ಆ ಗುರುತುಗಳನ್ನು ದೊಡ್ಡದಾಗಿ ತೆಗೆದುಕೊಡಬೇಕೆಂದ. ಅವು ಬೀಜಾಕ್ಷರವಂತೆ. ಸಮುದ್ರದಲ್ಲಿ ಮುಳುಗಿಹೋದ ಒಂದು ಮಹಾನಾಡು, ಅಲ್ಲಿಂದ ತಪ್ಪಿಸಿಕೊಂಡು ಬಂದ ವೀರರ ಕುಲ, ಆ ಕುಲದ ಮಂತ್ರವಾದಿ ಖಡ್ಗಸಿದ್ಧ. ನಮ್ಮ ಕುರಿ ಕಾಯುವ ಸಿದ್ದಪ್ಪನೇ ಆ ಖಡ್ಗಸಿದ್ಧ. ಅಕ್ಷರ ಒಲಿದವನ ಮೈಗೆ ಕತ್ತಿ ತಾಗುವುದಿಲ್ಲ.

ನನಗೆ ಹೊಟ್ಟೆಯೊಳಗೆ ನಗು. ಹುಲೆಪ್ಪ ಕಾಕಾನ ಕೋಳಿಕಾಲು ಅದು ಮಾರಾಯ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಗಿರಾಕಿಯ ಮುಖ ಯಾಕೆ ಕೆಡಿಸುವುದು ಅಂದುಕೊಂಡೆ. ಹುಚ್ಚರ ಆಟ, ನಾಲ್ಕು ದಿನ ಆಡುತ್ತಾರೆ ಅಂದುಕೊಂಡೆ. ಕೋಳಿಕಾಲನ್ನು ಚೆನ್ನಾಗಿ ತಿದ್ದಿ, ಸುತ್ತ ಜ್ವಾಲೆಯ ಬಾರ್ಡರು ಹಾಕಿ ಕೊಟ್ಟೆ. ನಾಚಿಕೆಗೆಟ್ಟ ಕೆಲಸ ಮಾಡಿದೆ.

ಜನ ನಂಬಿದರು, ಹುಲೆಪ್ಪ ಕೊರೆಯುವುದನ್ನು ಹತ್ತು ವರ್ಷದ ಹಿಂದೆ ಕಂಡು ನಕ್ಕವರೂ ನಂಬಿದರು. ಯಾಕೆ ನಂಬಿದರೆಂದು ಬಹಳ ಯೋಚಿಸಿದ್ದೇನೆ. ನೀವೂ ಮುಳುಗಡೆಯವರು, ಅವರೂ ಮುಳುಗಡೆಯವರು ಎಂದು ಅಮೋಲ ಹೇಳುತ್ತಿದ್ದ. ಹೊಲ ಹೋಗಿ, ಊರು ಹೋಗಿ, ಗುಡ್ಡದ ಮೇಲೆ ಪ್ಲಾಟ್ ನಂಬರಿನಿಂದ ಕರೆಸಿಕೊಳ್ಳುತ್ತಿದ್ದವರಿಗೆ ನೀವು ವೀರಕುಲದವರು ಎಂದು ಯಾರೋ ಮೊದಲ ಸಲ ಹೇಳಿದರು. ಸಕ್ಕರೆ ಕಾರ್ಖಾನೆಯಲ್ಲಿ ದಿನಗೂಲಿಗೆ ನಿಲ್ಲುವ ಹುಡುಗರು ಎದೆ ಸೆಟೆಸಿ ಓಡಾಡತೊಡಗಿದರು. ಹಳೆಯ ಊರು ಕಣ್ಣಿಗೆ ಕಾಣುವಂತಿದ್ದರೆ ಕರೆದುಕೊಂಡು ಹೋಗಿ, ಇಲ್ಲಿತ್ತು ಗುಡಿ, ಇಲ್ಲಿತ್ತು ಮಸೂತಿ, ನಡುವೆ ನೂರು ಮಾರು ದಾರಿ ಎಂದು ತೋರಿಸಬಹುದಿತ್ತು. ಅದರ ಮೇಲೆ ಮೂರಾಳು ನೀರು ನಿಂತಿದೆ. ನೀರಿನಡಿಯ ಊರಿನ ಬಗ್ಗೆ ಯಾರು ಏನು ಹೇಳಿದರೂ ನಡೆಯುತ್ತದೆ.

ಪಡೆ ಅಮಾವಾಸ್ಯೆಗೊಮ್ಮೆ ಗುಡಿಯ ಮುಂದೆ ಸೇರುತ್ತಿತ್ತು, ಅಂಥ ಒಂದು ಅಮಾವಾಸ್ಯೆಗೆ ಅಮೋಲ ಮಸೂತಿಯ ಮೆಟ್ಟಿಲಿನ ಕಮಲ ಕಂಡ. ಅದರ ಪಕ್ಕದ ಕಲ್ಲಿನಲ್ಲಿ ಚೇಳು ಕಂಡ. ಮುಂದಿನ ಹ್ಯಾಂಡ್‌ಬಿಲ್ಲಿನಲ್ಲಿ ಕತೆ ಪೂರ್ತಿಯಾಯಿತು. ಪರದೇಶದಿಂದ ಬಂದವರು ಖಡ್ಗಸಿದ್ಧನ ಗುಡಿ ಒಡೆದು, ಅವನ ಅಕ್ಷರ ದಿನವೂ ಕಾಲಡಿ ತುಳಿಯಲ್ಪಡಲಿ ಎಂದು ಮೆಟ್ಟಿಲು ಮಾಡಿಕೊಂಡರು. ಕುಲದ ಶಕ್ತಿ ಆ ಕಲ್ಲುಗಳಲ್ಲಿ ಕಟ್ಟಿಬಿದ್ದಿದೆ. ನಮ್ಮ ಊರು ಮುಳುಗಿದ್ದು, ಹುಡುಗರಿಗೆ ನೌಕರಿ ಸಿಗದ್ದು, ಹೆಣ್ಣು ಸಿಗದ್ದು, ಎಲ್ಲಕ್ಕೂ ಅದೇ ಕಾರಣ. ಊರವರು ಆಡಿಕೊಳ್ಳುತ್ತಿದ್ದ ಆ ಹನ್ನೊಂದು ಕಲ್ಲು ಬಿಡುಗಡೆ ಆಗಬೇಕು. ಆ ಹ್ಯಾಂಡ್‌ಬಿಲ್ ಮಾಡಲಾರೆ ಎಂದೆ. ಅಮೋಲ ಸಿಟ್ಟಾಗಲಿಲ್ಲ, ರಬಕವಿಗೆ ಹೋಗಿ ಮಾಡಿಸಿಕೊಂಡು ಬಂದ. ನನ್ನ ಕಂಪ್ಯೂಟರಿನಲ್ಲಿ ತಿದ್ದಿದ ಕೋಳಿಕಾಲೇ ಅದರಲ್ಲೂ ಇತ್ತು.

ಮಸೂತಿಗೆ ಹತ್ತಿಕೊಂಡೇ ಮಕ್ತುಮಸಾಬನ ಎರಡು ಕೋಣೆಯ ಮನೆ. ಅವನ ಮನೆಯ ಬಾಗಿಲಿಗೆ ಹುಡುಗರು ಬಂದು ನಿಂತು ಕಲ್ಲು ಎಣಿಸತೊಡಗಿದರು. ಕಟ್ಟೆ ಕಿತ್ತರೆ ಮಣ್ಣಿನ ಗೋಡೆ ನಿಲ್ಲುವುದಿಲ್ಲ, ಮಸೂತಿ ಬಿದ್ದರೆ ಮಕ್ತುಮಸಾಬನ ಗೋಡೆಯೂ ಬೀಳುತ್ತದೆ. ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಕಟ್ಟಿದ ಹುಲೆಪ್ಪ. ಅವನು ನನ್ನ ಅಂಗಡಿಗೆ ಬಂದ. ಅರವತ್ತು ದಾಟಿದ್ದ, ಧೂಳು ತಿಂದ ಎದೆ ಉಬ್ಬಸ ಬಿಡುತ್ತಿತ್ತು. ತಪ್ಪು ತನ್ನದು, ತಾನೇ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದ. ನಾನು ಹುರಿದುಂಬಿಸಿದೆ. ಬರೀ ಬಾಯಿಮಾತು ಯಾರೂ ಕೇಳುವುದಿಲ್ಲ, ಎದುರಿಗೇ ಕೊರೆದು ತೋರಿಸು ಎಂದೆ. ಆ ಉಪಾಯ ನನ್ನದೇ. ಅದಕ್ಕಿಂತ ಬುದ್ಧಿವಂತಿಕೆಯ ಮಾತು ಜನ್ಮದಲ್ಲಿ ಆಡಿಲ್ಲವೆಂದು ಆವತ್ತು ಹಿಗ್ಗಿದ್ದೆ.

ಮುಂದಿನ ಅಮಾವಾಸ್ಯೆ, ಮಧ್ಯಾಹ್ನ. ಗುಡಿಯ ಮುಂದೆ ನಾಲ್ಕೈದು ನೂರು ಜನ. ಬನಹಟ್ಟಿಯಲ್ಲಿ ನೇಯಿಸಿದ ಶಾಲು ಎಲ್ಲರ ಹೆಗಲ ಮೇಲೆ, ಶಾಲಿನ ಅಂಚಿಗೆ ಕೋಳಿಕಾಲು. ಅಮೋಲನ ಭಾಷಣ ನಡೆದಿದ್ದಾಗ ಹುಲೆಪ್ಪ ಒಂದು ಹಸಿ ಕಲ್ಲು ತಳ್ಳುಗಾಡಿಯಲ್ಲಿ ತಂದು ನಡುವೆ ಇಳಿಸಿದ. ಕುಕ್ಕರುಗಾಲಲ್ಲಿ ಕೂತು ಉಳಿ ತೆಗೆದ. ಕೋಳಿಕಾಲು, ಹಣಿಗೆ, ಚೇಳು, ಬಟ್ಟಲು. ಒಂದು ತಾಸೂ ಆಗಲಿಲ್ಲ. ಎದ್ದು ನಿಂತು ಉಸಿರು ತೆಗೆದುಕೊಂಡು ಹೇಳಿದ.

“ಇವು ಅಕ್ಷರ ಅಲ್ರಿ. ನನಗ ಸಾಲಿ ಬರೂದಿಲ್ಲ, ಅದಕ್ಕ ಗುರ್ತಿಗೆ ಹಾಕ್ಕೊಂಡಿದ್ನಿ. ಕಲ್ಲ ಕಲಸಿದ್ದೂ ನಾನ. ಗುಡಿ ಯಾರೂ ಒಡದಿಲ್ಲ. ಬಿಚ್ಚಿದಾವ ನಾನು, ಕಟ್ಟಿದಾವ ನಾನು. ಆ ಮಸೂತಿ ಮುಟ್ಟಬ್ಯಾಡ್ರಿ, ಬೈಯೂದಿದ್ರ ನನಗ ಬೈರಿ.”

ಅಮೋಲನ ಮುಖ ಬಿಳಿಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಗೆದ್ದೆವು ಎಂದುಕೊಂಡೆ. ಅಮೋಲ ನಿಧಾನಕ್ಕೆ ಕಲ್ಲಿನ ಹತ್ತಿರ ಬಂದ, ಹಸಿ ಗೆರೆಯ ಮೇಲೆ ಬೆರಳಾಡಿಸಿದ, ಗೋಡೆಯ ಗೆರೆ ನೋಡಿದ. ಎರಡೂ ಒಂದೇ. ಆಮೇಲೆ ಹುಲೆಪ್ಪನ ಕಾಲಿಗೆ ಉದ್ದಕ್ಕೆ ಬಿದ್ದ.

“ಸಾಲಿ ಕಲೀಲಾರದ ಕೈಗೆ ಈ ಅಕ್ಷರ ಯಾರು ಕಲಿಸಿದ್ರು?” ಎಂದು ಎದ್ದು ನಿಂತು ಜನರನ್ನು ಕೇಳಿದ. “ಅಜ್ಜಾರಿಗೇ ಗೊತ್ತಿಲ್ಲ. ಕೈ ಅವರದು, ಕೊರೆಸಿದಾಂವ ಬ್ಯಾರೆ. ಖಡ್ಗಸಿದ್ಧನ ರಕ್ತ ನಮ್ಮ ಕಣ್ಮುಂದ ನಿಂತೈತಿ.”

ನಾಲ್ಕೈದು ನೂರು ಜನ ಒಮ್ಮೆಲೆ ಮುಂದೆ ನುಗ್ಗಿದರು. ಹುಲೆಪ್ಪ ಅಲ್ಲ, ಅಲ್ಲ ಎಂದು ಕೈ ಆಡಿಸುತ್ತಿದ್ದ, ಅವರು ಆ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಬೈದ. ಸಿದ್ಧರು ಬೈದರೆ ಒಳ್ಳೆಯದಾಗುತ್ತದೆ ಎಂದರು. ಓಡಿಹೋಗಲು ನೋಡಿದ. ದೊಡ್ಡವರು ತಮ್ಮನ್ನು ತಾವು ಬಚ್ಚಿಡುತ್ತಾರೆ ಎಂದರು. ಅವನು ಕೊರೆದ ಹಸಿ ಕಲ್ಲಿಗೆ ಆಗಲೇ ಯಾರೋ ಅರಿಸಿನದ ಭಂಡಾರ ಎರಚಿದ್ದರು. ನಾನು ಜನರ ನಡುವೆ ಸಿಕ್ಕು ನಿಂತಿದ್ದೆ. ನಿಜವನ್ನು ಎದುರಿಗೆ ತಂದಿಟ್ಟರೆ ಸುಳ್ಳು ಓಡಿಹೋಗುತ್ತದೆ ಎಂದು ನಂಬಿದ್ದ ಪೆದ್ದ ನಾನು.

ಮರುದಿನದಿಂದ ಹುಲೆಪ್ಪನ ಮನೆಗೆ ಜನ. ಉಬ್ಬಸದವರು, ಮಕ್ಕಳಾಗದವರು, ಪೊಲೀಸ್ ಭರ್ತಿಗೆ ಹೋಗುವ ಹುಡುಗರು. ಹೆಂಡತಿ ತಾಯವ್ವ ಮೊದಮೊದಲು ಬಾಗಿಲು ಹಾಕಿದಳು. ಆಮೇಲೆ ತೆಗೆದಳು. ಅವಳನ್ನು ನಾನು ಆಡಿಕೊಳ್ಳಲಾರೆ. ಜೀವಮಾನವೆಲ್ಲ ಬುಟ್ಟಿ ಹೊತ್ತವಳಿಗೆ ಗೌಡರ ಮನೆಯ ಹೆಣ್ಣುಮಕ್ಕಳು ಬಂದು ಅವ್ವಾರ ಅಂದರು. ಗಂಡನಿಗೆ ಅವಳು ಹೇಳಿದ್ದು ಇಷ್ಟೇ ಅಂತೆ. ನೀ ಅಲ್ಲ ಅಂದರೂ ಬಿಡುವುದಿಲ್ಲ, ಹೌದು ಅಂದರೂ ಬಿಡುವುದಿಲ್ಲ, ಸುಮ್ಮನಾದರೂ ಇರು.

ಅವನು ಸುಮ್ಮನಿರಲಿಲ್ಲ. ಬಂದವರಿಗೆಲ್ಲ ಕೋಳಿಕಾಲಿನ ಕತೆ ಹೇಳುತ್ತಿದ್ದ, ಅವರು ಪವಾಡದ ಕತೆ ಕೇಳುವ ಹಾಗೆ ಕೇಳುತ್ತಿದ್ದರು. ನಾನು ಮುಳುಗಡೆ ಆಫೀಸಿನ ಹಳೆಯ ಪಂಚನಾಮೆಯ ನಕಲು ತಂದೆ. ಮುಳುಗುವ ಮೊದಲು ಇಡಿಯಾಗಿ ನಿಂತಿದ್ದ ಕಲ್ಲಿನ ಗುಡಿ ಒಂದು, ಮಸೂತಿ ಒಂದು, ಎರಡಕ್ಕೂ ಬೇರೆ ಬೇರೆ ಅಳತೆ. ಸರಕಾರ ನಿಜ ಮುಚ್ಚಿಟ್ಟದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಅಮೋಲ ಅದನ್ನೂ ತನ್ನ ಕಡತದಲ್ಲಿ ಸೇರಿಸಿಕೊಂಡ. ಅವನು ತಾನೇ ನಂಬಿದ್ದನೋ, ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಆವತ್ತು ಬಿಳಿಚಿದ ಮುಖ ನೆನೆದರೆ ಇಲ್ಲ ಅನ್ನಿಸುತ್ತದೆ. ಕಾಲಿಗೆ ಬಿದ್ದು ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ನಾನೇ ಕಂಡಿದ್ದೇನೆ.

ಎರಡು ಸಾವಿರದ ಹನ್ನೆರಡರ ಮೊಹರಮ್ಮಿಗೆ ಹದಿನೈದು ದಿನ ಇರುವಾಗ ಹಗಲು ಹನ್ನೊಂದಕ್ಕೆ ಪಡೆಯ ಹುಡುಗರು ಹಾರೆ ಹಿಡಿದುಕೊಂಡು ಬಂದರು. ಯಾರಿಗೂ ಒಂದು ಏಟು ಬೀಳಲಿಲ್ಲ. ಬಂದೋಬಸ್ತಿಗೆ ಬಂದ ಪೊಲೀಸರು ಗಿಡದ ನೆರಳಲ್ಲಿ ಚಹಾ ಕುಡಿದರು. ಮಕ್ತುಮಸಾಬ ಅಲಾಯಿ ದೇವರ ಪಂಜಾಗಳನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೊರಗೆ ಬಂದು ನಿಂತ. ಹುಲೆಪ್ಪ ಬಂದು ಮೆಟ್ಟಿಲ ಮೇಲೆ ಮಲಗಿದ. ಹುಡುಗರು ಅವನನ್ನು ಬೈಯಲಿಲ್ಲ, ಎಳೆಯಲಿಲ್ಲ. ನಮಸ್ಕಾರ ಮಾಡಿ, ಕೈಮೇಲೆ ಎತ್ತಿಕೊಂಡು, ಜೈಕಾರ ಹಾಕುತ್ತ ಗುಡಿಯ ಕಟ್ಟೆಯ ಮೇಲೆ ತಂದು ಕೂಡಿಸಿದರು. ಹನ್ನೊಂದು ಕಲ್ಲು ಎಂದವರು ಐವತ್ತು ಕಿತ್ತರು. ಮೂರು ಗಂಟೆಗೆ ಮಸೂತಿಯ ಗೋಡೆ ಕುಸಿದು ಕೂತಿತು, ಜೊತೆಗೆ ಮಕ್ತುಮಸಾಬನ ಒಂದು ಕೋಣೆಯೂ ಹೋಯಿತು.

ಮಕ್ತುಮಸಾಬನ ಮಗಳು ಮಿರಜಿನಲ್ಲಿದ್ದಳು. ಹತ್ತು ದಿನಕ್ಕೆ ಅವರ ಸಾಮಾನು ಟೆಂಪೋಕ್ಕೆ ಏರಿತು. ಏರಿಸಲು ನಾನು ಹೋಗಿದ್ದೆ, ಹುಲೆಪ್ಪ ಬಂದಿದ್ದ. ಊರಿನವರು ಬಾಗಿಲು ಹಾಕಿಕೊಂಡಿದ್ದರು. ಗಾದಿ, ಪಾತ್ರೆ, ಹಿಂಜುವ ಬಿಲ್ಲು ಎಲ್ಲ ಕಟ್ಟಿ ಆದ ಮೇಲೆ ಮಕ್ತುಮಸಾಬ ಹುಲೆಪ್ಪನನ್ನು ಬದಿಗೆ ಕರೆದ. ನಾನು ಹಗ್ಗ ಬಿಗಿಯುತ್ತಿದ್ದೆ, ಕೇಳಿಸುವಷ್ಟು ಹತ್ತಿರ.

“ಹುಲೆಪ್ಪಣ್ಣ, ಒಂದ ಕೇಳತೇನಿ, ಸಿಟ್ಟ ಮಾಡ್ಕೋಬ್ಯಾಡ. ಆವತ್ತ ಕಲ್ಲ ಕೊರೆಯೂವಾಗ ನಿನ್ನ ಮೈಯಾಗ ಏನರ ಬಂದಿತ್ತೇನು?”

ಹುಲೆಪ್ಪ ಅವನ ಕಡೆ ತಿರುಗಿದ.

“ಕಲ್ಲ ಹಿಡಕೊಂಡು ಕುಂತಾವ ನೀ ಇದ್ದಿ, ಮಕ್ತುಮ.”

“ಇದ್ನಿ. ಬಿಸಿಲ ಇತ್ತು, ನೀ ಚೇಳ ಕೊರದಿ, ನಾ ನಕ್ಕಿದ್ನಿ. ಎಲ್ಲಾ ನೆನಪೈತಿ. ಆದರ ಇಷ್ಟ ಮಂದಿ ಹೇಳಾಕತ್ತಾರ ನೋಡ. ಒಬ್ಬರೂ ನಮ್ಮ ಮಾತ ಹೌದು ಅನ್ನವಲ್ರು. ನಾವಿಬ್ಬರ ತಪ್ಪ ತಿಳಕೊಂಡೇವೇನೋ ಅನಸತೈತಿ.”

ಅದರಲ್ಲಿ ದೂರು ಇರಲಿಲ್ಲ. ಬೈದಿದ್ದರೆ, ನಿನ್ನಿಂದ ನನ್ನ ಮನೆ ಹೋಯಿತು ಎಂದಿದ್ದರೆ ಹುಲೆಪ್ಪ ತಡೆದುಕೊಳ್ಳುತ್ತಿದ್ದ. ಮಕ್ತುಮಸಾಬ ಖರೇನೇ ಕೇಳುತ್ತಿದ್ದ. ಹೋಗುವ ಮೊದಲು ಬಗ್ಗಿ ಹುಲೆಪ್ಪನ ಬಲಗೈಯನ್ನು ಒಮ್ಮೆ ಮುಟ್ಟಿ ತನ್ನ ಎದೆಗೆ ಮುಟ್ಟಿಸಿಕೊಂಡ. ಹುಲೆಪ್ಪ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಟೆಂಪೋ ಜಮಖಂಡಿ ರಸ್ತೆಗೆ ಇಳಿದು ಹೋಯಿತು.

ಆಮೇಲೆ ಹುಲೆಪ್ಪ ಕೋಳಿಕಾಲಿನ ಕತೆ ಯಾರಿಗೂ ಹೇಳಿಲ್ಲ. ನನ್ನ ಮುಂದೆಯೂ ಹೇಳಿಲ್ಲ. ಮುಂದಿನ ಅಮಾವಾಸ್ಯೆಗೆ ಶಾಲು ಹೊದ್ದು ಗುಡಿಯ ಕಟ್ಟೆಯ ಮೇಲೆ ಕೂತ, ಸಾಲಾಗಿ ಬಂದವರ ತಲೆಯ ಮೇಲೆ ಒಬ್ಬೊಬ್ಬರಿಗೂ ಕೈ ಇಟ್ಟ.